ಅರ್ಧ ಮಿಲಿಮೀಟರ್

ಶಿವಮೊಗ್ಗದಲ್ಲಿ ಅಪ್ಪನ ಕಣ್ಣು ತೋರಿಸಿಕೊಂಡು ಭದ್ರಾವತಿ ಬಸ್ಸು ಹತ್ತಿದ್ದೆವು. ಪೊರೆ ಬಂದಿದೆ, ಆಪರೇಷನ್ ಆಗಬೇಕು ಅಂದಿದ್ದರು ಡಾಕ್ಟರು. ಚಿಕ್ಕ ವರ್ಕ್‌ಶಾಪೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಈಗ ಮೈಕ್ರೋಮೀಟರಿನ ಗೆರೆಗಳು ಕಾಣುವುದಿಲ್ಲ. ಆದರೂ ನನ್ನ ಮೊಬೈಲನ್ನು ಮೂಗಿಗೆ ಹಿಡಿದು ವಿಡಿಯೋ ನೋಡುತ್ತಿದ್ದ. ಎಂಟು ರೆಕ್ಕೆಯ ದೈತ್ಯ ಹೆಲಿಕಾಪ್ಟರ್, ನಮ್ಮ ವಾಯುಪಡೆಯದು.

"ಇದು ಈಗ ಎಲ್ಲಿದೆ?" ಅಂದ.

ಮೈಸೂರು ಸಂಸ್ಥಾನದ ಕೈಗಾರಿಕೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಉತ್ತರ ಗೊತ್ತಿರಲಿಲ್ಲ. ರಾತ್ರಿ ನನ್ನ ಅಧ್ಯಾಯ ಬದಿಗಿಟ್ಟು ಹುಡುಕಿದೆ.

ಅದು ಮಿ-26. ಇಪ್ಪತ್ತು ಟನ್ ಹೊರಬಲ್ಲದು. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ನಾಲ್ಕು ತಂದು ಚಂಡೀಗಡದಲ್ಲಿಟ್ಟರು. 2013ರ ಉತ್ತರಾಖಂಡ ಪ್ರವಾಹದಲ್ಲೂ ದುಡಿದವು. ಒಂದು ಅಪಘಾತದಲ್ಲಿ ಹೋಯಿತು. ಉಳಿದವು ಓವರ್‌ಹಾಲ್‌ಗೆ ಕಾಯುತ್ತಾ ಒಂದೊಂದಾಗಿ ನೆಲ ಹಿಡಿದವು. ಹೆಲಿಕಾಪ್ಟರಿನ ಗೇರ್‌ಬಾಕ್ಸು, ರೋಟರು, ರೆಕ್ಕೆ ಎಲ್ಲಕ್ಕೂ ಗಂಟೆಗಳ ಲೆಕ್ಕದಲ್ಲಿ ಆಯುಸ್ಸು ಬರೆದಿರುತ್ತಾರೆ. ಅದು ಮುಗಿದರೆ, ನೋಡಲು ಗಟ್ಟಿಯಾಗಿದ್ದರೂ ಹಾರುವಂತಿಲ್ಲ. ಇದರ ಒಡಲು ಕಟ್ಟುವುದು ರಷ್ಯಾದ ರೊಸ್ತೋವ್‌ನಲ್ಲಿ, ಎಂಜಿನ್ ಉಕ್ರೇನಿನ ಜಪೊರಿಝಿಯಾದ್ದು. ತಂದಾಗ ಎರಡೂ ಒಂದೇ ದೇಶದಲ್ಲಿದ್ದವು. 2019ರಲ್ಲಿ ಅಮೆರಿಕದ ಚಿನೂಕ್‌ಗಳು ಚಂಡೀಗಡಕ್ಕೆ ಬಂದವು.

ಬೆಳಿಗ್ಗೆ ಇದನ್ನೆಲ್ಲ ಹೇಳಿದೆ.

"ಗೇರು ನಾವೇ ಮಾಡ್ಕೊಳೋಕೆ ಆಗಲ್ವಾ?"

"ಡ್ರಾಯಿಂಗ್ ಅವರ ಹತ್ರ ಇರುತ್ತಪ್ಪ."

"ಡ್ರಾಯಿಂಗ್ ಸಿಕ್ಕರೂ ಸಾಲ್ದು. ಯಾವ ಉಕ್ಕು, ಎಷ್ಟು ಕಾಸಬೇಕು, ಹೆಂಗೆ ತಣಿಸಬೇಕು ಗೊತ್ತಿರ್ಬೇಕು. ಹಲ್ಲಿನ ಮೈ ಗಡಸಾಗಿರ್ಬೇಕು, ಒಳಗೆ ಮೆತ್ತಗಿರ್ಬೇಕು. ಒಳಗೂ ಗಡಸಾದ್ರೆ ಮುರಿಯುತ್ತೆ."

ನಮ್ಮೂರಿನವರಿಗೆ ಉಕ್ಕಿನ ಮಾತು ಹೊಸದಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು, ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂತು, ಕಾರ್ಮಿಕರು ಧರಣಿ ಕೂತರು. ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ, 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದವು. ಗುಬ್ಬಿಯಲ್ಲಿ ಮೊದಲಿಗೆ ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್. ಎಚ್‌ಎಎಲ್ ಹದಿಮೂರು ಟನ್ನಿನದನ್ನೂ ರೂಪಿಸುತ್ತಿದೆ. ಮಿ-26 ಹೊರೆಸಮೇತ ಐವತ್ತಾರು ಟನ್ ತೂಗುತ್ತದೆ.

ಯಂತ್ರವನ್ನು ದುಡ್ಡು ಕೊಟ್ಟು ತರಬಹುದು. ಆದರೆ ಅದರ ಸವೆದ ಗೇರನ್ನು ಮಾಡಬಲ್ಲ ಕೈ ನಮ್ಮಲ್ಲಿರುವವರೆಗೆ ಮಾತ್ರ ಅದು ನಮ್ಮದು. ಇಷ್ಟು ಬರೆದ ಮೇಲೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಹಳೆಯ ಕಾರ್ಖಾನೆಗಳ ಕಡತ ಹುಡುಕಿ ಊರೂರು ಅಲೆದವನು ಮನೆಯಲ್ಲಿದ್ದ ಕೆಲಸವನ್ನು ಒಂದು ದಿನವೂ ಕಲಿಯಲಿಲ್ಲ. "ನೀನು ಓದು" ಅಂದದ್ದು ಅಪ್ಪನೇ. ಆ ಮಾತನ್ನು ಸಂತೋಷದಿಂದ ಕೇಳಿದವನು ನಾನು.

ಸಂಜೆ ಅವನ ಪೆಟ್ಟಿಗೆಯಿಂದ ಮೈಕ್ರೋಮೀಟರ್ ತೆಗೆದು, ಒಂದು ಪಿನ್ನನ್ನು ಅದರ ದವಡೆಗೆ ಸಿಕ್ಕಿಸಿ ಜೋರಾಗಿ ಓದಿದೆ. ಏಳು ಪಾಯಿಂಟ್ ಎರಡು ಮೂರು.

ಅಪ್ಪ ಪಿನ್ನನ್ನು ಈಸಿಕೊಂಡು ಬೆರಳುಗಳ ನಡುವೆ ಉರುಳಿಸಿದ.

"ಅರ್ಧ ಮಿಲಿಮೀಟರ್ ಬಿಟ್ಟೆ," ಅಂದ. "ಕೆಳಗಿನ ಗೆರೆ ನೋಡು."

ನೋಡಿದೆ. ಬಿಟ್ಟಿದ್ದೆ.