ಹಾಲುಹಲ್ಲಿನ ಬೆಲೆ

ಬಿದ್ದ ಹಾಲುಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲಕ್ಕೆಸೆಯುವ ಸಂಭ್ರಮವನ್ನು ನಮ್ಮಲ್ಲಿ ಕಾಣದವರು ವಿರಳ. ಹಳೆಯದು ಹೋಗಿ ಹೊಸತು ಬರುವುದೆಂಬ ನಂಬಿಕೆಯೇ ಆ ಆಟದ ತಿರುಳು. ಆದರೆ ಕಾಲಕ್ಕೆ ಮುಂಚೆ, ಹುಳುಕು ಹಿಡಿದು ಹೋಗುವ ಹಲ್ಲಿಗೂ ಇದೇ ಸಮಾಧಾನವನ್ನು ಹೇಳಿಕೊಳ್ಳಬಹುದೆ? ಒಂದನೆಯ, ಎರಡನೆಯ ತರಗತಿಗಳಲ್ಲಿ ದಿನ ಕಳೆಯುವ ನಮಗೆ ಈ ಪ್ರಶ್ನೆ ಮರಳಿ ಮರಳಿ ಎದುರಾಗುತ್ತದೆ.

ಹಾಲುಹಲ್ಲುಗಳು ಒಟ್ಟು 20. ಮಗುವಿಗೆ ಸುಮಾರು 6 ತಿಂಗಳಾದಾಗ ಮೊಳೆಯತೊಡಗಿ, 3 ವರ್ಷ ತುಂಬುವ ವೇಳೆಗೆ ಪೂರ್ಣವಾಗುತ್ತವೆ. ಮುಂಬಲ್ಲುಗಳು 6-7ನೆಯ ವಯಸ್ಸಿಗೆ ಬೀಳತೊಡಗಿದರೂ ದವಡೆಯ ಹಾಲುಹಲ್ಲುಗಳು 10-12ರ ವರೆಗೂ ಇರತಕ್ಕವು. ಅವು ಅಗಿಯುವುದಕ್ಕೆ ಮಾತ್ರವಲ್ಲ, ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಎಡೆ ಕಾದಿಡುವುದಕ್ಕೂ ಬೇಕು. ಐದಾರು ವರ್ಷಕ್ಕೇ ಅವುಗಳಲ್ಲೊಂದು ಹೋಯಿತೆಂದರೆ ನೆರೆಯ ಹಲ್ಲುಗಳು ಆ ತೆರವಿನತ್ತ ವಾಲಿ, ಮುಂದೆ ಬರುವ ಹಲ್ಲು ಸ್ಥಳ ಸಾಲದೆ ಸೊಟ್ಟಗಾಗುವುದುಂಟು. ಒಳಗೇ ಸಿಕ್ಕಿಕೊಳ್ಳುವುದೂ ಉಂಟು.

ಶಾಲೆಯಲ್ಲಿ ಇದರ ಫಲ ಬೇರೆ ರೂಪದಲ್ಲಿ ಕಾಣಿಸುತ್ತದೆ. ರಾತ್ರಿಯೆಲ್ಲ ಹಲ್ಲುನೋವಿನಿಂದ ನಿದ್ದೆಗೆಟ್ಟ ಮಗು ಬೆಳಗಿನ ಲೆಕ್ಕದ ಪಾಠದಲ್ಲಿ ತೂಕಡಿಸುತ್ತದೆ. ಮಧ್ಯಾಹ್ನದ ಊಟದಲ್ಲಿ ಕಾಳುಗಳನ್ನು ಬದಿಗೊತ್ತಿ ಮೆತ್ತನೆಯ ಅನ್ನವನ್ನಷ್ಟೇ ನುಂಗುತ್ತದೆ. ಇನ್ನು ಓದು. ತ, ಥ, ದ, ಧ, ನ ಇವು ದಂತ್ಯಗಳೆಂದು ನಾವು ಕಲಿಸುತ್ತೇವೆ. ಮೇಲಿನ ಮುಂಬಲ್ಲುಗಳಿಲ್ಲದ ಬಾಯಲ್ಲಿ ಸಕಾರವೂ ಗಾಳಿಯಾಗಿ ಸೋರುತ್ತದೆ. ಬಹುಪಾಲು ಮಕ್ಕಳ ನಾಲಗೆ ಕ್ರಮೇಣ ಹೊಂದಿಕೊಳ್ಳುತ್ತದೆ. ಆದರೆ ಸಹಪಾಠಿಗಳ ನಗೆಯಿಂದ ಮುದುಡಿದ ಮನಸ್ಸು ಅಷ್ಟು ಬೇಗ ಅರಳುವುದಿಲ್ಲ.

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಮನೆಯಲ್ಲಿ ತುಳು, ಮಲೆಯಾಳ, ಕೊಂಕಣಿ, ಮರಾಠಿಗಳನ್ನಾಡುವ ಮಕ್ಕಳೂ ಬರುತ್ತಾರೆ. ಅಂತಹ ಒಬ್ಬ ಬಾಲಿಕೆ ನಾಲ್ಕನೆಯ ವಯಸ್ಸಿನಲ್ಲೇ ಮುಂಬಲ್ಲುಗಳನ್ನು ಕಳೆದುಕೊಂಡಿದ್ದಳು. ಪದ್ಯ ಕಂಠಪಾಠವಾಗಿದ್ದರೂ ಸರದಿ ಬಂದಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಲ್ಲುವಳು. ದೋಷ ಹಲ್ಲಿನದು; ಅವಳಾದರೋ ತನಗೆ ಕನ್ನಡವೇ ಬಾರದೆಂದು ತೀರ್ಮಾನಿಸಿಬಿಟ್ಟಿದ್ದಳು. ಎಲ್ಲರೂ ಕೂಡಿ ಓದುವಾಗ ಮಾತ್ರ ಅವಳ ದನಿ ನಮಗೆ ಕೇಳಿಸುತ್ತಿತ್ತು, ಅದೂ ಸ್ಪಷ್ಟವಾಗಿ. ಗಡಿನಾಡಿನಲ್ಲಿ ಒಂದು ಮಗು ಹೀಗೆ ಕನ್ನಡಕ್ಕೆ ಬಾಯಿ ಮುಚ್ಚಿಕೊಂಡರೆ ಆ ನಷ್ಟ ಅದೊಂದರದೇ ಅಲ್ಲ.

ಹಾಲುಹಲ್ಲಿನ ಹುಳುಕು ಜಗತ್ತಿನಲ್ಲಿ ಸುಮಾರು 51 ಕೋಟಿ 40 ಲಕ್ಷ ಮಕ್ಕಳನ್ನು ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ತಿಳಿಸುತ್ತದೆ. ಹಲ್ಲನ್ನು ಕೊರೆಯುವುದು ಹುಳುವಲ್ಲ. ಬಾಯೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಉಂಟುಮಾಡುವ ಆಮ್ಲ. ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸದಿರುವುದು, ಮಿಠಾಯಿ ಬಿಸ್ಕತ್ತುಗಳಿಗೆ ಮಿತಿ, ಫ್ಲೋರೈಡುಳ್ಳ ಪೇಸ್ಟಿನಿಂದ ದಿನಕ್ಕೆರಡು ಸಲ ಹಲ್ಲುಜ್ಜುವುದು, ಇಷ್ಟರಿಂದಲೇ ಬಹಳಷ್ಟನ್ನು ತಡೆಯಬಹುದು. ಹುಳುಕನ್ನು ಮೊದಲೇ ತುಂಬಿಸಿದರೆ ಹಲ್ಲು ಉಳಿದೀತು. ಕೀಳಲೇಬೇಕಾದಲ್ಲಿ, ತೆರವು ಮುಚ್ಚದಂತೆ ತಂತಿಯ ಸಾಧನವನ್ನು ಕೂರಿಸುವ ಉಪಾಯವೂ ದಂತವೈದ್ಯರಲ್ಲಿದೆ.

ಓದಲು ಹಿಂಜರಿಯುವ ಮಗುವನ್ನು ದಡ್ಡನೆನ್ನುವ ಮೊದಲು ಅಧ್ಯಾಪಕ ಬಂಧುಗಳು ಅದರ ಬಾಯನ್ನೊಮ್ಮೆ ನೋಡಲಿ, ಹೆತ್ತವರಿಗೆ ತಿಳಿಸಲಿ. ವಿದ್ಯಾರ್ಥಿಗಳಾದರೋ ಹಲ್ಲಿಲ್ಲದ ಗೆಳೆಯನ ಮಾತಿಗೆ ನಗದಿರಲಿ. ಅವನು ಓದಿ ಮುಗಿಸುವ ತನಕ ಕಾದು ಕೇಳಲಿ.