ಗೊಬ್ಬರ ಎಲ್ಲಿ ಹಾಕ್ದೆ?

'ಮಗ ಏನ್ ಕೆಲ್ಸ ಮಾಡ್ತಾನೆ?' ಅಂತ ಯಾರಾದ್ರೂ ಕೇಳಿದ್ರೆ ಅಮ್ಮ ಹೇಳ್ತಿದ್ದದ್ದು ಒಂದೇ ಮಾತು: 'ಕಂಪ್ಯೂಟರ್ ಕೆಲ್ಸ.' ಬಿಇ ಮುಗಿಸಿ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿದರೂ ಅದಕ್ಕಿಂತ ಹೆಚ್ಚಿಗೆ ನಾನೂ ಹೇಳಿರಲಿಲ್ಲ. ಹೇಳಿದರೆ ಅವಳಿಗೆ ಅರ್ಥ ಆಗಲ್ಲ ಅಂದುಕೊಂಡಿದ್ದೆ. ಆ ನಂಬಿಕೆ ಮುರಿದುಬಿದ್ದ ಕಥೆ ಇದು.

ನಮ್ಮೂರು ಹಿರೇಹಳ್ಳಿ. ತುಮಕೂರಿಂದ ಬೆಂಗಳೂರು ಕಡೆ ಹೈವೇ ಹಿಡಿದರೆ ಸಿಗುತ್ತೆ. ಇಲ್ಲಿ ಕೈಗಾರಿಕಾ ಪ್ರದೇಶವೂ ಇದೆ, ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಇದೆ. ಕೆಂಪು ತೊಳೆಯ 'ಸಿದ್ದು' ಹಲಸನ್ನು ನಾಡಿಗೆ ಪರಿಚಯಿಸಿದ್ದು ಇದೇ ಕೇಂದ್ರ. ಆದರೆ ಆ ಮರ ಬೆಳೆದದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿ. ವಿಜ್ಞಾನಿಗಳು ಅಲ್ಲಿಗೆ ಹೋಗಿ ನೋಡಿದರು, ಅಷ್ಟೇ. ಈ ಮಾತು ಯಾಕೆ ಬಂತು ಅಂತ ಆಮೇಲೆ ಗೊತ್ತಾಗುತ್ತೆ.

ಊರಿಗೆ ಏನಾದ್ರೂ ಮಾಡ್ಬೇಕು ಅನ್ನೋ ಹುಳ ನಮ್ಮಂಥವರ ತಲೆಯಲ್ಲಿ ಸದಾ ಕೊರೀತಿರುತ್ತೆ. ಯುರೋಪಿನಲ್ಲಿ 2013ರಿಂದ ಸ್ವಯಂಸೇವಕರೇ ಊರೂರಲ್ಲಿ 'ಕೋಡ್ ವೀಕ್' ನಡೆಸ್ತಾರೆ, ಮಕ್ಕಳು ಮುದುಕರು ಎಲ್ಲರೂ ಬರ್ತಾರೆ ಅಂತ ಓದಿದ್ದೆ. ನಾವೂ ಮಾಡೋಣ ಅಂತ ಮೂರು ಜನ ಗೆಳೆಯರು ನಾಲ್ಕು ಹಳೇ ಲ್ಯಾಪ್‌ಟಾಪ್ ಹೊತ್ತು ಒಂದು ಭಾನುವಾರ ಊರಿಗೆ ಬಂದೆವು. ಇಪ್ಪತ್ತು ಮಕ್ಕಳು ಸೇರಿದರು. ಬೋರ್ಡಿನ ಮೇಲೆ 'ಹಲೋ ವರ್ಲ್ಡ್' ಬರೆದೆವು, ಅವರು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದರು. ಚಪ್ಪಾಳೆ, ಬಿಸ್ಕತ್ತು, ಗ್ರೂಪ್ ಫೋಟೋ. ಲೈಕುಗಳೂ ಚೆನ್ನಾಗೇ ಬಂದವು.

ಮುಂದಿನ ತಿಂಗಳು ಹೋದಾಗ ಬಂದದ್ದು ಆರೇ ಮಕ್ಕಳು. ಹಿಂದಿನ ಸಲ ಏನು ಮಾಡಿದ್ವಿ ಅಂತ ಒಬ್ಬರಿಗೂ ನೆನಪಿಲ್ಲ. ಒಬ್ಬ ಹುಡುಗ ಮಾತ್ರ ಕೇಳಿದ: 'ಅಣ್ಣ, ಸರ್ಟಿಫಿಕೇಟ್ ಯಾವಾಗ ಕೊಡ್ತೀರ?'

ತಪ್ಪು ಹುಡುಗನದಲ್ಲ. ಆ ಪರದೆಯ ಮೇಲೆ ಅವನದ್ದು ಅನ್ನೋದು ಏನೂ ಇರಲಿಲ್ಲ. ಬೆಂಗಳೂರಿನಲ್ಲಿ ಇದನ್ನು ನಮಗಿಂತ ಚೆನ್ನಾಗಿ ಮಾಡಿದವರಿದ್ದಾರೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಸಿದರು. ಅಲ್ಲಿನ ಮಕ್ಕಳು ಗಿಂಪ್ ಅನ್ನೋ ತಂತ್ರಾಂಶದಲ್ಲಿ ತಮಗೆ ಬೇಕಾದ ಚಿತ್ರ ತಾವೇ ಬಿಡಿಸಿದರು. ನಾವು ಮಾತ್ರ ನಮ್ಮ ಸಿಲಬಸ್ ಹೊತ್ತುಕೊಂಡು ಬಂದಿದ್ದೆವು.

ಆ ದಿನ ನಮಗೆ ಟೀ ತಂದಿದ್ದ ಅಮ್ಮ ಬಾಗಿಲಲ್ಲೇ ಕೂತು ಕೇಳಿದಳು: 'ಅಲ್ಲ ಕಣಪ್ಪ, ಈ ಡಬ್ಬಕ್ಕೆ ನನ್ ಹಾಲಿನ ಲೆಕ್ಕ ಬರ್ತೈತಾ?'

ನಮ್ಮ ಕೆಂದಿ ಹಸು ಹಾಲು ಕಡಿಮೆ ಮಾಡಿತ್ತು. ಇಟ್ಟುಕೊಳ್ಳೋದಾ ಮಾರೋದಾ ಅಂತ ಅಮ್ಮ ತಿಂಗಳಿಂದ ಒದ್ದಾಡ್ತಿದ್ದಳು. ನನಗೆ ಫೋನಿನಲ್ಲಿ ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪಕ್ಕದಲ್ಲಿ ಕೂರಿಸಿಕೊಂಡೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಹಾಲು, ದರ, ಪ್ರೋತ್ಸಾಹಧನ, ಬೂಸಾ ಅಂತಲೇ ಬರೆದೆವು. ಒಂದೊಂದು ಸಾಲಿಗೂ ಅಮ್ಮ 'ಹೂಂ' ಅಂದಳು. ಅವಳೇ ಅಂಕಿ ಒತ್ತಿದಳು. ಕೀಲಿಮಣೆ ಕನ್ನಡದಲ್ಲಿದ್ದದ್ದರಿಂದ '೬೦' ಅಂತ ಬಿತ್ತು. ಎರರ್ ಬರುತ್ತೆ ಅಂತ ಕಾದೆ, ಬರಲಿಲ್ಲ! ನಾವು ಒಳಗೆ ಕೊಡುವ ಕನ್ನಡ ಅಂಕಿಯನ್ನೂ ಪೈಥಾನ್ ಸಂಖ್ಯೆಯಾಗಿ ಓದಿಕೊಳ್ಳುತ್ತೆ. ಹೊಟ್ಟೆಪಾಡಿಗೆ ಅದನ್ನೇ ಬರೆಯುವ ನನಗೆ ಅದು ಅವತ್ತೇ ಗೊತ್ತಾಗಿದ್ದು.

ಹದಿನೈದು ದಿನಕ್ಕೆ 60 ಲೀಟರ್, ದರ 32 ರೂಪಾಯಿ, ಜೊತೆಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5. ಒಟ್ಟು 2,220. ಬೂಸಾ, ಹಿಂಡಿಗೆ 2,400. ಪರದೆಯ ಮೇಲೆ ಬಂತು: -180.

'ಮುಂದೆ ಗೀಟು ಯಾಕೆ?'

'ನಷ್ಟ ಅಂತ ಅಮ್ಮ.'

ಮಕ್ಕಳೆಲ್ಲ ಸುತ್ತ ನಿಂತಿದ್ದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: 'ಗೊಬ್ಬರ ಎಲ್ಲಿ ಹಾಕ್ದೆ?'

ನಾನು ಹಾಕಿರಲಿಲ್ಲ. ನಮ್ಮ ತೆಂಗಿನ ತೋಟ ನಿಂತಿರೋದೇ ಆ ಕೊಟ್ಟಿಗೆ ಗೊಬ್ಬರದ ಮೇಲೆ. 'ಕೊಳ್ಳಕ್ಕೋದ್ರೆ ಹದಿನೈದು ದಿನಕ್ಕೆ ಐನೂರಕ್ಕೇನೂ ಮೋಸ ಇಲ್ಲ' ಅಂದಳು. 'ಗೊಬ್ಬರ' ಅಂತ ಒಂದು ಸಾಲು ಸೇರಿಸಿದೆವು. ಈ ಸಲ 320 ಬಂತು, ಗೀಟಿಲ್ಲದೆ. ಕೆಂದಿ ಇವತ್ತಿಗೂ ಕೊಟ್ಟಿಗೆಯಲ್ಲೇ ಇದ್ದಾಳೆ.

ಆಫೀಸಿನಲ್ಲಿ ಇದನ್ನು ರಿಕ್ವೈರ್‌ಮೆಂಟ್ ಮಿಸ್ ಆಯ್ತು ಅಂತೀವಿ, ಗಂಟೆಗಟ್ಟಲೆ ಮೀಟಿಂಗ್ ಮಾಡ್ತೀವಿ. ಅಮ್ಮ ಒಂದೇ ಪ್ರಶ್ನೆಯಲ್ಲಿ ಮುಗಿಸಿದಳು. ಕೋಡು ನಾನು ಬರೆದಿರಬಹುದು, ಅದರಲ್ಲಿ ಏನಿರಬೇಕು ಅಂತ ಗೊತ್ತಿದ್ದದ್ದು ಅವಳಿಗೆ. ಯಂತ್ರ ಹೇಳಿದ್ದನ್ನು ಹಾಗೇ ಒಪ್ಪದೆ, ಏನೇನು ಸೇರಿಸಿ ಹೇಳ್ತಿದೆ ಅಂತ ಕೇಳೋದೇ ಪ್ರೋಗ್ರಾಮಿಂಗಿನ ಅರ್ಧ ಪಾಠ. ಅದನ್ನು ಕಲಿಸೋಕೆ ನಾವು ಮೊದಲು ಕಲಿಯುವವರ ಕೊಟ್ಟಿಗೆಗೆ, ತೋಟಕ್ಕೆ ಹೋಗ್ಬೇಕು, ಚೇಳೂರಿನ ಹಲಸಿನ ಮರ ನೋಡೋಕೆ ಹೋದವರ ಹಾಗೆ.

ಈಗ ತಿಂಗಳಿಗೆ ಎರಡು ಭಾನುವಾರ ಹೋಗ್ತೀವಿ. ಬೋರ್ಡಿನ ಮೇಲೆ ನಾವು ಮೊದಲು ಏನೂ ಬರೆಯಲ್ಲ. ಬಂದವರು ಮನೆಯಿಂದ ಒಂದು ಪ್ರಶ್ನೆ ತರ್ಬೇಕು, ಅಷ್ಟೇ ಷರತ್ತು. ಸರ್ಟಿಫಿಕೇಟ್ ಕೇಳಿದ್ದ ಹುಡುಗ ಅವರಜ್ಜಿಯ ಮಾತ್ರೆಗಳು ಯಾವ ದಿನ ಖಾಲಿ ಆಗ್ತವೆ ಅಂತ ಲೆಕ್ಕ ಹಾಕಿದ. ಈ ಸಲ ಯಾರೂ ಬೋರ್ಡು ನೋಡಿ ನಕಲು ಮಾಡಲಿಲ್ಲ. ಫೋಟೋ ತೆಗೆಯೋದು ನಮಗೂ ಮರೆತುಹೋಯ್ತು.

ನನ್ನ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ ಅಮ್ಮ ಈಗ ಹೇಳೋದೇ ಬೇರೆ: 'ಕಂಪ್ಯೂಟರ್‌ಗೆ ಲೆಕ್ಕ ಹೇಳ್ಕೊಡ್ತಾನೆ. ಒಂದೊಂದ್ಸಲ ಗೊಬ್ಬರ ಮರೀತಾನೆ.'

ಬರೋ ಭಾನುವಾರ ದೊಡ್ಡಮ್ಮ ಚೀಟಿ ಲೆಕ್ಕ ತರ್ತಾರಂತೆ. ಕೂಗಿ ಎತ್ತೋ ಚೀಟಿ. ನಿಜ ಹೇಳ್ಬೇಕು ಅಂದ್ರೆ, ಅದು ನನಗೂ ಸರಿಯಾಗಿ ಬರಲ್ಲ.