ಹೊಗೆ ಬಂದ ಹೊತ್ತು

ಹಳೆಯ ಕಾರು ಹೊಗೆ ಬಿಟ್ಟಿತೆಂದರೆ ಎಲ್ಲರೂ ಮೊದಲು ಕೇಳುವುದು ಬಣ್ಣವನ್ನು. ಬಿಳಿಯೋ, ಕಪ್ಪೋ, ನೀಲಿಯೋ? ಮೊದಲು ಕೇಳಬೇಕಾದದ್ದು ಹೊತ್ತನ್ನು ಅಂತ ನನ್ನ ನಂಬಿಕೆ. ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಮತ್ತೆ ಯಾವಾಗ ಕಾಣಿಸಿತು? ಇದನ್ನು ನನಗೆ ಕಲಿಸಿದ್ದು ನಮ್ಮ ಕಾಕಾನ ಕಾಂಟೆಸ್ಸಾ ಮತ್ತು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಬ್ಬ ಮಿಸ್ತ್ರಿ.

ಕಾಂಟೆಸ್ಸಾ ಎಂದರೆ ಒಂದು ಕಾಲದ ದೊಡ್ಡ ಹೆಸರು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ ಎಂಬತ್ತರ ದಶಕದಲ್ಲಿ ಕಟ್ಟತೊಡಗಿದ ಗಾಡಿ ಅದು. ಮೊದಮೊದಲು ಅಂಬಾಸಡರಿನ 1.5 ಲೀಟರ್ ಎಂಜಿನ್ನನ್ನೇ ಕೂರಿಸಿದ್ದರು. ಅಷ್ಟು ದೊಡ್ಡ ಮೈಗೆ ಅದು ಸಾಲುತ್ತಿರಲಿಲ್ಲ. ಜಪಾನಿನ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ನೂ ಐದು ಗೇರೂ ಬಂದ ಮೇಲೆ ಅದಕ್ಕೆ ಜೀವ ಬಂತು. 88 ಅಶ್ವಶಕ್ತಿ ಅಂದರೆ ಈಗಿನ ಹುಡುಗರಿಗೆ ಏನೂ ಅನಿಸಲಿಕ್ಕಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಏರುತ್ತ ಬರುವ ರಸ್ತೆಯಲ್ಲಿ ಉಳಿದ ಗಾಡಿಗಳು ಏದುಸಿರು ಬಿಡುತ್ತಿದ್ದ ಆ ದಿನಗಳಲ್ಲಿ ಕಾಕಾ ಮೂರನೇ ಗೇರಿನಲ್ಲೇ ಅವನ್ನೆಲ್ಲ ಹಿಂದಿಕ್ಕಿ ಹೋಗುತ್ತಿದ್ದರು. 2002ರಲ್ಲಿ ಅದರ ತಯಾರಿಕೆ ನಿಂತಿತು. ನಮ್ಮದು ಇನ್ನೂ ಓಡುತ್ತದೆ.

ಧಾರವಾಡದ ಒಂದು ಚಳಿಗಾಲದ ಮುಂಜಾನೆ ಚೋಕ್ ಎಳೆದು ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬುಸ್ಸೆಂದಿತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಹೊಡೆಸಬೇಕು. ಇಸುಜು ಎಂಜಿನ್ನಿಗೆ ಪಿಸ್ಟನ್ ಹುಡುಕುವುದು ಈಗ ಸುಲಭದ ಮಾತಲ್ಲ. ಕಾಕಾನ ಮುಖ ಬಾಡಿತು.

ಮಿಸ್ತ್ರಿ ಮಾತ್ರ ಬಾನೆಟ್ಟಿಗೆ ಕೈ ಹಚ್ಚಲಿಲ್ಲ. "ಈಗ ಗಾಡಿ ಬಿಸಿ ಐತ್ರಿ, ಏನೂ ಹೇಳೂದಿಲ್ಲ. ನಾಳಿ ಮುಂಜಾನಿ ನಾನ ಮನಿಗೆ ಬರ್ತೀನಿ. ಅಲ್ಲೀತನಕ ಯಾರೂ ಚಾವಿ ಹಚ್ಚಬ್ಯಾಡ್ರಿ" ಅಂದರು.

ಬಂದವರು ಒಂದು ಬಿಳಿ ಅರಿವೆ ತಂದಿದ್ದರು. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಕಾಕಾನಿಗೆ ಸೆಲ್ಫ್ ಹೊಡೆಯಲು ಹೇಳಿ, ಅರಿವೆಯನ್ನು ಸೈಲೆನ್ಸರಿನ ಬಾಯಿಗೆ ಹಿಡಿದರು. ಬೆನ್ನು ಮಾಡಿದ್ದಕ್ಕೆ ಕಾರಣವಿದೆ. ಸುಟ್ಟ ಆಯಿಲ್ಲಿನ ಹೊಗೆಯಲ್ಲಿರುವ ಅತಿ ಸಣ್ಣ ಹನಿಗಳು ಬೆಳಕಿನ ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಬೆಳಕಿಗೆ ಎದುರಾಗಿ ನಿಂತರೆ ಅದೇ ಹೊಗೆ ಕಂದಾಗಿ ಕಾಣುತ್ತದೆ. ಹನಿ ದೊಡ್ಡದಾದರೆ ಬಿಳಿಯೇ ಆಗಿಬಿಡುತ್ತದೆ. ಬಣ್ಣವೊಂದನ್ನೇ ನಂಬಿ ತೀರ್ಪು ಕೊಡುವವರು ಇಲ್ಲೇ ಎಡವುತ್ತಾರೆ.

ಅರಿವೆಯ ಮೇಲೆ ನೀರಿನ ಹನಿಗಳೂ ಇದ್ದವು. ಅವಕ್ಕೆ ಹೆದರಬೇಕಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ತಣ್ಣಗಿನ ಸೈಲೆನ್ಸರಿನಲ್ಲಿ ಅದು ಹಬೆಯಾಗಿ ಕಾಣಿಸಿ, ಪೈಪು ಕಾದ ಮೇಲೆ ಮಾಯವಾಗುತ್ತದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದು, ರೇಡಿಯೇಟರಿನ ನೀರು ಇಳಿಯತೊಡಗಿದರೆ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಯಿತು ಅಂತ ಲೆಕ್ಕ: ಸಿಕ್ಕಿಕೊಂಡ ಚೋಕ್, ಮುಚ್ಚಿಹೋದ ಏರ್ ಫಿಲ್ಟರ್. ನಮ್ಮ ಅರಿವೆಯಲ್ಲಿ ಹನಿಗಳ ನಡುವೆ ಜಿಡ್ಡಿನ ಕಂದು ಚುಕ್ಕೆಗಳಿದ್ದವು. ಒಂದು ನಿಮಿಷವೂ ಆಗಿರಲಿಲ್ಲ, ನೀಲಿ ಹೊಗೆ ನಿಂತೇ ಹೋಯಿತು. ಆ ನಿಲ್ಲುವಿಕೆಯಲ್ಲೇ ಉತ್ತರವಿತ್ತು.

ರಿಂಗ್ ಸವೆದ ಎಂಜಿನ್ ಕಾದ ಮೇಲೂ ಹೊಗೆ ಬಿಡುತ್ತದೆ, ಭಾರ ಬಿದ್ದಾಗ ಇನ್ನೂ ಹೆಚ್ಚು. ರಾತ್ರಿಯಿಡೀ ನಿಂತು ಬೆಳಿಗ್ಗೆ ಒಮ್ಮೆ ಮಾತ್ರ ಹೊಗೆ ಬಂತೆಂದರೆ, ಹೆಡ್ಡಿನ ಮೇಲಿದ್ದ ಆಯಿಲ್ ವಾಲ್ವ್ ಗೈಡಿನಗುಂಟ ತೊಟ್ಟಿಕ್ಕಿ ಸಿಲಿಂಡರಿಗೆ ಇಳಿದಿರುತ್ತದೆ. ಅದನ್ನು ತಡೆಯಬೇಕಾದದ್ದು ವಾಲ್ವ್ ಕಾಂಡಕ್ಕೆ ತೊಡಿಸಿದ ಪುಟ್ಟ ರಬ್ಬರ್ ಸೀಲ್. ಅದು ಕಿಲೋಮೀಟರಿಗಿಂತ ವರ್ಷಗಳಿಂದಲೇ ಹೆಚ್ಚು ಹಾಳಾಗುತ್ತದೆ. ಶೆಡ್ಡಿನಲ್ಲಿ ಜೋಪಾನವಾಗಿ ನಿಂತ ಗಾಡಿಯೇ ದಿನವೂ ಓಡುವ ಟ್ಯಾಕ್ಸಿಗಿಂತ ಮೊದಲು ಹೊಗೆ ಬಿಟ್ಟರೆ ಆಶ್ಚರ್ಯಪಡಬಾರದು.

ಹೊಗೆ ಓದುವವರು ಈ ಊರಿಗೆ ಹೊಸಬರೇನಲ್ಲ. ಹುಬ್ಬಳ್ಳಿ ಮೀಟರ್ ಗೇಜಿನ ಊರಾಗಿದ್ದಾಗ ಉಗಿಬಂಡಿಯ ಫೈರ್‌ಮನ್ನನ ಕೈಚಳಕವನ್ನು ಚಿಮಣಿ ನೋಡಿಯೇ ಹೇಳುತ್ತಿದ್ದರು. ಕಡುಗಪ್ಪು ಹೊಗೆ ಬಂದರೆ ಕಲ್ಲಿದ್ದಲು ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು. ತೆಳು ಬೂದು ಬಣ್ಣವಿದ್ದರೆ ಬೆಂಕಿ ಸರಿಯಾಗಿದೆ. ಕಣ್ಣಿಟ್ಟು ನೋಡುವ ಆ ವಿದ್ಯೆಯೇ ರೈಲ್ವೆ ವರ್ಕ್‌ಶಾಪಿನ ಸುತ್ತಮುತ್ತಲಿನ ಗ್ಯಾರೇಜುಗಳಿಗೂ ಹರಿದು ಬಂದಿರಬೇಕು ಅಂತ ನನಗೆ ಅನಿಸುತ್ತದೆ. ಎಮಿಷನ್ ತಪಾಸಣೆಗೆ ಈ ಕಣ್ಣಿಲ್ಲ. ಪೆಟ್ರೋಲ್ ಗಾಡಿಗಳಲ್ಲಿ ಅಲ್ಲಿ ಅಳೆಯುವುದು ಕಾದ ಎಂಜಿನ್ ಐಡ್ಲಿಂಗಿನಲ್ಲಿದ್ದಾಗಿನ ಕಾರ್ಬನ್ ಮೊನಾಕ್ಸೈಡು, ಹೈಡ್ರೋಕಾರ್ಬನ್ನು. ಬೆಳಗಿನ ಆ ಅರೆ ನಿಮಿಷ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಮಿಸ್ತ್ರಿ ಇಷ್ಟಕ್ಕೇ ತೃಪ್ತರಾಗಲಿಲ್ಲ. ಅಂಕೋಲಾಕ್ಕೆ ಹೋಗುವಾಗ ಯಲ್ಲಾಪುರದಾಚೆಯ ಅರಬೈಲ್ ಘಟ್ಟದಲ್ಲಿ ಗೇರಿನ ಮೇಲೇ ಗಾಡಿಯನ್ನು ಇಳಿಸಿ, ತಗ್ಗು ಮುಗಿದಲ್ಲಿ ಎಕ್ಸಲೇಟರ್ ಒತ್ತಿ ಕನ್ನಡಿಯಲ್ಲಿ ನೋಡಿ ಅಂದರು. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟಾಗ ಮ್ಯಾನಿಫೋಲ್ಡಿನ ಎಳೆತ ಜೋರಾಗಿ, ಸಡಿಲ ಸೀಲಿನಿಂದ ಆಯಿಲ್ ಒಳಗೆ ಸೆಳೆಯಲ್ಪಡುತ್ತದೆ. ಒತ್ತಿದೆವು, ಕನ್ನಡಿಯಲ್ಲಿ ಒಂದೇ ಒಂದು ನೀಲಿ ಮೋಡ. ತಿರುಗಿ ಬಂದ ಮೇಲೆ ಕಂಪ್ರೆಷನ್ ಗೇಜ್ ಹಚ್ಚಿದರು. ನಾಲ್ಕೂ ಸಿಲಿಂಡರು ಹೆಚ್ಚುಕಡಿಮೆ ಸಮ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗ್ ಸೋರುತ್ತಿದ್ದರೆ ಆ ಆಯಿಲ್ ಸಂದು ಮುಚ್ಚಿ ಒತ್ತಡ ಜಿಗಿಯಬೇಕಿತ್ತು. ಜಿಗಿಯಲಿಲ್ಲ. ರಿಂಗು ಗಟ್ಟಿಯಾಗಿದ್ದವು.

ಎಂಜಿನ್ ಇಳಿಯಲಿಲ್ಲ, ಹೆಡ್ಡೂ ಇಳಿಯಲಿಲ್ಲ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಪಿಸ್ಟನ್ನನ್ನು ಕೈಯಿಂದ ಮೇಲೆ ತಿರುಗಿಸಿ, ಆ ಹಗ್ಗದ ಗಂಟೇ ವಾಲ್ವುಗಳು ಕೆಳಗೆ ಬೀಳದಂತೆ ಹಿಡಿದಿರುವಾಗ ಸ್ಪ್ರಿಂಗ್ ಒತ್ತಿ ಲಾಕ್ ತೆಗೆದರು. ಹಳೆಯ ಸೀಲನ್ನು ನನ್ನ ಕೈಗೆ ಕೊಟ್ಟರು. ಉಗುರಿನಿಂದ ಒತ್ತಿದರೆ ತಗ್ಗಬೇಕಾದ ರಬ್ಬರು ಚಿಟ್ಟನೆ ಮುರಿಯಿತು. ಹೊಸವು ವೈಟಾನ್ ರಬ್ಬರಿನವು, ಬಿಸಿ ಹೆಚ್ಚು ತಾಳುವಂಥವು.

ಈಗ ಡಿಪ್‌ಸ್ಟಿಕ್ಕಿನ ಆಯಿಲ್ ಮಟ್ಟ ಇಳಿಯುವುದು ಬಹಳ ಕಡಿಮೆಯಾಗಿದೆ. ಮೂರನೇ ಸಿಲಿಂಡರಿನ ಗೈಡ್ ಸ್ವಲ್ಪ ಸಡಿಲವಿದೆಯಂತೆ. ಎಂದಾದರೂ ಹೆಡ್ ಬಿಚ್ಚುವ ಪ್ರಸಂಗ ಬಂದರೆ ಅದನ್ನೂ ಹಾಕಿಸೋಣ, ಅದಕ್ಕೆಂದೇ ಬಿಚ್ಚುವುದು ಬೇಡ ಅಂತ ಮಿಸ್ತ್ರಿ ಕಾಕಾನಿಗೆ ಹೇಳಿದ್ದಾರೆ.